ಮಾಲೀಕರಿಲ್ಲದ ದಿನ ಯಾರು ನಿರ್ಧರಿಸುತ್ತಾರೆ? ಕೊಡಗಿನ ಸಣ್ಣ ಉದ್ಯಮಗಳ ಮುಂದಿರುವ ಪ್ರಶ್ನೆ

ಕಾಫಿಗೆ ಬೆಲೆ ಬಂದಿದೆ. ವಾರದ ಕೊನೆಗೆ ಹೋಂಸ್ಟೇಗಳು ತುಂಬುತ್ತಿವೆ. ಕುಶಾಲನಗರದಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಜೇನು, ಏಲಕ್ಕಿ, ಕಾಫಿಪುಡಿ, ಚಾಕಲೇಟ್ ಮಾರುವ ಅಂಗಡಿಗಳು ಸಾಲುಗಟ್ಟಿವೆ. ಇಷ್ಟಿದ್ದರೂ ಇಲ್ಲಿ ಸಣ್ಣ ಉದ್ಯಮ ನಡೆಸುವ ಯಾರನ್ನೇ ಮಾತಿಗೆಳೆಯಿರಿ, ಮೊದಲು ಬರುವುದು ಒಂದೇ ದೂರು: ಜನ ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ.

ದೂರಿನಲ್ಲಿ ಸತ್ಯವಿದೆ. ತೋಟದ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಯರವ, ಕುರುಬ ಕುಟುಂಬಗಳ ಮಕ್ಕಳಲ್ಲಿ, ತಮಿಳುನಾಡು–ಕೇರಳದ ಕಡೆಯಿಂದ ಬಂದು ತೋಟದ ಕೆಲಸದವರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ನೆಲೆಸಿದವರ ಮಕ್ಕಳಲ್ಲಿ ಎಷ್ಟೋ ಮಂದಿ ಓದಿ ಬೇರೆ ಕೆಲಸ ಹಿಡಿದಿದ್ದಾರೆ. ಅದು ಆಗಬೇಕಾದದ್ದೇ. ಈಗ ಕುಯ್ಲಿನ ಹೊತ್ತಿಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ ಕಡೆಯವರು ಬರಬೇಕು. ಅವರಿಗೆ ಕೊಡಗೇ ಆಗಬೇಕೆಂದೇನಿಲ್ಲ. ಕೇರಳದಲ್ಲಿ ಕಟ್ಟಡದ ಕೆಲಸವಿದೆ, ಬೆಂಗಳೂರಿನಲ್ಲಿ ಹೋಟೆಲ್ ಕೆಲಸವಿದೆ.

ಆದರೆ ಒಂದೇ ಊರಿನಲ್ಲಿ, ಒಂದೇ ಕೂಲಿ ಕೊಡುವ ಅಕ್ಕಪಕ್ಕದ ಎರಡು ತೋಟಗಳನ್ನು ನೋಡಿ. ಒಂದಕ್ಕೆ ಕಳೆದ ವರ್ಷದ ತಂಡವೇ ತಾನಾಗಿ ಫೋನ್ ಮಾಡಿ, 'ಯಾವಾಗ ಬರಲಿ' ಎಂದು ಕೇಳಿ ಬರುತ್ತದೆ. ಇನ್ನೊಂದರ ಮಾಲೀಕರು ಡಿಸೆಂಬರ್ ಬಂತೆಂದರೆ ಮುಂಗಡದ ಹಣ ಹಿಡಿದುಕೊಂಡು, ಕೆಲಸದವರನ್ನು ಕರೆತರುವ ಮೇಸ್ತ್ರಿಗಳ ಬೆನ್ನು ಹತ್ತುತ್ತಾರೆ. ಕೂಲಿಯ ದರವೊಂದೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು. ವ್ಯತ್ಯಾಸವಿರುವುದು ಕೆಲಸ ನಡೆಸುವ ರೀತಿಯಲ್ಲಿ. ಅದನ್ನು ತಿಳಿಯಲು ಮಾಲೀಕರು ಎದುರಿಗಿದ್ದಾಗ ನೋಡಿದರೆ ಸಾಲದು, ಅವರು ಊರಲ್ಲಿಲ್ಲದ ದಿನ ಏನಾಗುತ್ತದೆ ಎಂದು ನೋಡಬೇಕು.

ಸಣ್ಣ ಉದ್ಯಮ ಎಂದಾಗ ಯಾವುದರ ಮಾತು ಆಡುತ್ತಿದ್ದೇವೆ ಎಂಬುದು ಸ್ಪಷ್ಟವಿರಲಿ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಸರ್ಕಾರಿ ಲೆಕ್ಕದಲ್ಲಿ ಯಂತ್ರೋಪಕರಣಗಳ ಮೇಲಿನ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ರೂಪಾಯಿ ಮೀರದಿದ್ದರೆ ಅದು ಅತಿಸಣ್ಣ ಉದ್ಯಮ. 25 ಕೋಟಿ ಮತ್ತು 100 ಕೋಟಿಯ ಒಳಗಿದ್ದರೆ ಸಣ್ಣ ಉದ್ಯಮ. ಕಾಫಿಪುಡಿ ಅಂಗಡಿ, ಬೇಕರಿ, ಹೋಂಸ್ಟೇ, ಗ್ಯಾರೇಜ್ ಎಲ್ಲ ಸೇರಿ ನಮ್ಮ ಜಿಲ್ಲೆಯ ಬಹುಪಾಲು ವ್ಯವಹಾರ ಮೊದಲ ಗುಂಪಿನಲ್ಲೇ ಮುಗಿಯುತ್ತದೆ. ಕಾಫಿ ತೋಟ ಕೃಷಿಯಾದ್ದರಿಂದ ಈ ಪಟ್ಟಿಗೆ ಸೇರುವುದಿಲ್ಲ. ಆದರೆ ಜನರನ್ನೂ ಹಣವನ್ನೂ ಹವಾಮಾನವನ್ನೂ ಸಂಭಾಳಿಸುವ ಕಷ್ಟದಲ್ಲಿ ಹತ್ತು ಹದಿನೈದು ಎಕರೆಯ ತೋಟವೂ ಸಣ್ಣ ಉದ್ಯಮವೇ. ಇಂಥ ಕಡೆ ಪ್ರತ್ಯೇಕ ಮ್ಯಾನೇಜರ್ ಇರುವುದಿಲ್ಲ, ಸಿಬ್ಬಂದಿ ವಿಭಾಗ ಇರುವುದಿಲ್ಲ. ಆರು ಜನರಲ್ಲಿ ಒಬ್ಬರು ಮುನಿಸಿಕೊಂಡು ಹೊರಟರೆ ಆರನೇ ಒಂದು ಪಾಲು ಶಕ್ತಿಯೇ ಹೋಯಿತು. ಮಾಲೀಕರ ಸ್ವಭಾವವೇ ಅಲ್ಲಿ ಆಡಳಿತ.

ಸಂಜೆಯ ತೂಕ ಮತ್ತು ಬಟವಾಡೆ

ರೊಬಸ್ಟಾ ತಳಿಯ ಕಾಫಿ ಕುಯ್ಲಿನ ದಿನಗಳಲ್ಲಿ ಸಂಜೆ ನಾಲ್ಕರ ಮೇಲೆ ಯಾವುದಾದರೂ ತೋಟದಲ್ಲಿ ಕಾಫಿ ಒಣಗಿಸುವ ಕಣದ ಬಳಿ ನಿಂತು ನೋಡಿ. ಬೆಳಗ್ಗೆಯಿಂದ ಕೊಯ್ದ ಹಣ್ಣಿನ ಮೂಟೆ ಹೊತ್ತು ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ತಕ್ಕಡಿಯ ಪಕ್ಕ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ಹಿಡಿದು ಕೂತಿರುತ್ತಾರೆ. ಕೂಲಿ ಕೆ.ಜಿ. ಲೆಕ್ಕದಲ್ಲಿ. ಕೆಲವು ಕಡೆ ತಕ್ಕಡಿಯ ಮುಖ ರೈಟರ್ ಕಡೆಗಷ್ಟೇ ತಿರುಗಿರುತ್ತದೆ. ಅವರು ನೋಡುತ್ತಾರೆ, ಚೀಲದ್ದೆಂದು, ಎಲೆ ಕಸದ್ದೆಂದು ಒಂದಿಷ್ಟು ಕಳೆಯುತ್ತಾರೆ, ಬರೆದುಕೊಳ್ಳುತ್ತಾರೆ. ಮೂಟೆ ತಂದವಳಿಗೆ ತಾನು ಎಷ್ಟು ಕೊಯ್ದೆ ಎಂಬುದು ಬಟವಾಡೆಯ ದಿನವೇ ಗೊತ್ತಾಗುವುದು. ಅವತ್ತು ಕಡಿಮೆ ಅನ್ನಿಸಿದರೂ ಕೇಳಲು ಅವಳ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನು ಕೆಲವು ತೋಟಗಳಲ್ಲಿ ತಕ್ಕಡಿ ಇಬ್ಬರಿಗೂ ಕಾಣುವಂತೆ ಇರುತ್ತದೆ. ರೈಟರ್ ಅಂಕಿಯನ್ನು ಗಟ್ಟಿಯಾಗಿ ಓದುತ್ತಾರೆ. ಕಳೆಯುವುದೆಷ್ಟು ಎಂಬುದನ್ನು ಬೆಳಗ್ಗೆ ಕೆಲಸಕ್ಕೆ ಇಳಿಯುವ ಮುಂಚೆಯೇ ಹೇಳಿರುತ್ತಾರೆ. ಪುಸ್ತಕದಲ್ಲಿ ಬರೆದದ್ದನ್ನೇ ಒಂದು ಚೀಟಿಯಲ್ಲಿ ಬರೆದು ಅವಳ ಕೈಗೂ ಕೊಡುತ್ತಾರೆ. ಇದಕ್ಕೆ ತಗಲುವ ಖರ್ಚು ಒಂದು ಕಟ್ಟು ಕಾಗದ. ಹತ್ತು ತರಬೇತಿ ಶಿಬಿರಗಳಿಂದ ಆಗದ ಕೆಲಸವನ್ನು ಈ ಚೀಟಿ ಮಾಡುತ್ತದೆ ಎಂದು ನಾನು ನಂಬಿದ್ದೇನೆ. ಮಾಲೀಕರು ಇದ್ದರೂ ಇಲ್ಲದಿದ್ದರೂ ಲೆಕ್ಕ ಬದಲಾಗದು ಎಂಬ ಧೈರ್ಯ ಅದರಿಂದ ಹುಟ್ಟುತ್ತದೆ. ಮುಂದಿನ ವರ್ಷ ಜಾರ್ಖಂಡ್‌ನಿಂದ ಫೋನ್ ಬರುವುದು ಆ ಧೈರ್ಯದ ಮೇಲೆ.

ಬಟವಾಡೆಯ ವಿಷಯವೂ ಹೀಗೆಯೇ. ವಾರದ ಸಂತೆಗೆ ಹೋಗುವ ಮುಂಚೆ ಕೈಗೆ ದುಡ್ಡು ಬರಬೇಕು ಎಂಬುದನ್ನು ನಂಬಿಯೇ ಒಂದು ಮನೆಯ ಅಕ್ಕಿ, ಮೀನು, ಮಕ್ಕಳ ಔಷಧಿಯ ಲೆಕ್ಕ ನಿಂತಿರುತ್ತದೆ. ವ್ಯಾಪಾರಿ ಹಣ ತಡಮಾಡಿದ, ಬ್ಯಾಂಕ್ ರಜೆ ಬಂತು, ಇವೆಲ್ಲ ಮಾಲೀಕರಿಗೆ ನಿಜವಾದ ಕಷ್ಟಗಳೇ. ಆದರೆ 'ಮುಂದಿನ ವಾರ ನೋಡೋಣ' ಎನ್ನುವ ಮಾತಿನಷ್ಟು ನಂಬಿಕೆ ಕೆಡಿಸುವ ಮಾತು ಇನ್ನೊಂದಿಲ್ಲ. ಎರಡು ದಿನ ಮೊದಲೇ ವಿಷಯ ತಿಳಿಸಿ, ಸಂತೆ ಖರ್ಚಿಗೆ ಇಷ್ಟು ತಗೊಳ್ಳಿ, ಉಳಿದದ್ದು ಇಂಥ ದಿನ ಎಂದು ತಾರೀಕು ಹೇಳಿ, ಆ ತಾರೀಕಿಗೆ ಕೊಟ್ಟವರ ಜೊತೆ ಜನ ನಿಲ್ಲುತ್ತಾರೆ.

ಇದರ ಇನ್ನೊಂದು ತುದಿ ಬರಬೇಕಾದ ಬಾಕಿ. ನಮ್ಮಲ್ಲಿ ಕಾಫಿಪುಡಿ, ಉಪ್ಪಿನಕಾಯಿ, ಬೇಕರಿ ತಿನಿಸು ತಯಾರಿಸುವವರು ದೊಡ್ಡ ಅಂಗಡಿಗಳಿಗೆ ಸರಕು ಕೊಟ್ಟು ಹಣ ಕೇಳಲು ಸಂಕೋಚಪಡುತ್ತಾರೆ. ಕೇಳಿದರೆ ಆರ್ಡರ್ ತಪ್ಪೀತು ಎಂಬ ಭಯ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಯಾಗಬೇಕು. 2024ರ ಏಪ್ರಿಲ್‌ನಿಂದ, ಈ ಗಡುವು ಮೀರಿ ಬಾಕಿ ಉಳಿಸಿಕೊಂಡ ಖರೀದಿದಾರರಿಗೆ ಆ ಮೊತ್ತವನ್ನು ಪಾವತಿಸುವವರೆಗೂ ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸಲು ಅವಕಾಶವಿಲ್ಲ. ತಯಾರಿಕೆ, ಸೇವಾ ಉದ್ಯಮಗಳು ಸರ್ಕಾರದ 'ಉದ್ಯಮ್' ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಕೊಂಡು, ಬಿಲ್ಲಿನ ಮೇಲೆ ಆ ಸಂಖ್ಯೆ ಹಾಕಿದರೆ ಕೇಳುವ ಮಾತಿಗೆ ತೂಕ ಬರುತ್ತದೆ. ತನಗೆ ಬರಬೇಕಾದದ್ದನ್ನು ಗಟ್ಟಿಯಾಗಿ ಕೇಳಿ ತರುವುದು ಕೆಲಸದವರ ಬಟವಾಡೆಯನ್ನು ಕಾಯುವ ಕೆಲಸವೇ.

ಮೋಡ ಕಟ್ಟಿದಾಗ

2021ರ ಜನವರಿಯಲ್ಲಿ ಕೊಡಗಿನಲ್ಲಿ ಅಕಾಲಿಕ ಮಳೆ ಸುರಿಯಿತು. ಕಣದಲ್ಲಿ ಹರಡಿದ್ದ ಕಾಫಿ ನೆನೆಯಿತು, ಗಿಡದಲ್ಲಿದ್ದ ಹಣ್ಣು ಉದುರಿತು. ಆಕಾಶವನ್ನು ಯಾರೂ ತಡೆಯಲಾರರು. ಆದರೆ ಕಣದ ಕಾಫಿ ನೆನೆಯಿತೇ ಉಳಿಯಿತೇ ಎಂಬುದು ಎಷ್ಟೋ ಸಲ ಅರ್ಧ ಗಂಟೆಯ ತೀರ್ಮಾನದ ಮೇಲೆ ನಿಂತಿರುತ್ತದೆ.

ಇಂಥ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳಿ. ಮಾಲೀಕರು ವಿರಾಜಪೇಟೆಯಲ್ಲಿ ಮದುವೆಗೆ ಹೋಗಿದ್ದಾರೆ. ಫೋನ್ ಹೋಗುತ್ತಿಲ್ಲ. ಮೋಡ ಕಪ್ಪಾಗುತ್ತಿದೆ. ಚೆರಿ, ಅಂದರೆ ಸಿಪ್ಪೆಸಹಿತ ಒಣಗಿಸುವ ಕಾಫಿ ಹಣ್ಣು, ಎಂಟು ದಿನ ಒಣಗಿದೆ. ತೇವಾಂಶ ಸುಮಾರು ಶೇ 11ಕ್ಕೆ ಇಳಿಯಲು ಇನ್ನೂ ಕೆಲವು ದಿನದ ಬಿಸಿಲು ಬೇಕು. ತೋಟದಲ್ಲಿ ಕುಯ್ಲು ನಡೆಯುತ್ತಿದೆ. ರೈಟರ್‌ಗೆ ಮಾಡಬೇಕಾದದ್ದು ಗೊತ್ತು: ಎಲ್ಲರನ್ನೂ ಕರೆಸಿ, ಕಾಫಿ ರಾಶಿ ಮಾಡಿಸಿ, ಟಾರ್ಪಾಲು ಎಳೆಯಬೇಕು. ಆದರೆ ಹೋದ ವರ್ಷ ಹೀಗೇ ಮಾಡಿದಾಗ ಮಳೆ ಬರಲಿಲ್ಲ. 'ನನ್ನನ್ನು ಕೇಳದೆ ಅರ್ಧ ದಿನದ ಕೂಲಿ ದಂಡ ಮಾಡಿದೆ' ಎಂದು ಎಲ್ಲರೆದುರು ಬೈಸಿಕೊಂಡಿದ್ದು ಅವರ ಮನಸ್ಸಿನಲ್ಲಿದೆ. ಹಾಗಾಗಿ ಮತ್ತೊಮ್ಮೆ ಫೋನ್ ಹಚ್ಚುತ್ತಾರೆ. ಮತ್ತೊಮ್ಮೆ. ಅಷ್ಟರಲ್ಲಿ ಹನಿ ಬೀಳುತ್ತದೆ.

ನಷ್ಟದ ಲೆಕ್ಕ ನೋಡಿ. ಮಳೆ ಬಾರದೆ ರಾಶಿ ಮಾಡಿದ್ದರೆ ಹೋಗುವುದು ಕೆಲವು ತಾಸಿನ ಕೂಲಿ. ರಾಶಿ ಮಾಡದೆ ಮಳೆ ಬಂದರೆ ಕಾಫಿಗೆ ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ, ವ್ಯಾಪಾರಿ ಬೆಲೆ ಮುರಿಯುತ್ತಾನೆ. ಎರಡೂ ತಪ್ಪು ಒಂದೇ ತೂಕದವಲ್ಲ. ಇದನ್ನು ಅರಿತ ಮಾಲೀಕರು ಕುಯ್ಲು ಶುರುವಾಗುವ ಮುಂಚೆಯೇ ಹೇಳಿಬಿಡುತ್ತಾರೆ: ಮೋಡ ಕಟ್ಟಿದರೆ ನನ್ನನ್ನು ಕೇಳಬೇಡಿ, ಮುಚ್ಚಿ, ಮಳೆ ಬಾರದಿದ್ದರೂ ನಾನು ಒಂದು ಮಾತು ಆಡುವುದಿಲ್ಲ. ಹೇಳಿದ ಮೇಲೆ ನಿಜವಾಗಿಯೂ ಆಡದಿರುವುದು ಇನ್ನೂ ಕಷ್ಟದ ಭಾಗ. ಒಂದೇ ಒಂದು ಸಲ ಬೈದರೂ ಸಾಕು, ಮುಂದಿನ ಹತ್ತು ಮೋಡಕ್ಕೂ ರೈಟರ್ ಫೋನ್ ಹಿಡಿದೇ ನಿಲ್ಲುತ್ತಾರೆ.

ಹೋಂಸ್ಟೇಯಲ್ಲಿ ಇದೇ ಪ್ರಶ್ನೆ ರಾತ್ರಿ ಹತ್ತಕ್ಕೆ ಬರುತ್ತದೆ. ಕರೆಂಟ್ ಹೋಗಿದೆ, ಜನರೇಟರ್ ಹಿಡಿಯುತ್ತಿಲ್ಲ, ಚಿಕ್ಕ ಮಗುವಿರುವ ಅತಿಥಿಗಳಿಗೆ ಬಿಸಿನೀರಿಲ್ಲ. ಅಲ್ಲಿರುವ ಹುಡುಗನಿಗೆ 'ಸಾರ್ ಬರಲಿ' ಎನ್ನುವುದೊಂದೇ ಗೊತ್ತಿದ್ದರೆ ಬೆಳಗಾಗುವಷ್ಟರಲ್ಲಿ ಆ ಕುಟುಂಬದ ಸಿಟ್ಟು ಅಂತರ್ಜಾಲದ ವಿಮರ್ಶೆಯಾಗಿ ಎಲ್ಲರ ಕಣ್ಣಿಗೆ ಬಿದ್ದಿರುತ್ತದೆ. ಒಂದೆರಡು ಸಾವಿರ ರೂಪಾಯಿವರೆಗೆ ಬಿಲ್ಲಿನಲ್ಲಿ ಬಿಟ್ಟುಕೊಡಲು, ಬೇರೆ ಕೋಣೆ ಕೊಡಲು, ಪಕ್ಕದ ಮನೆಯಿಂದ ಬಿಸಿನೀರು ತರಿಸಲು ನಿನಗೆ ಅಧಿಕಾರವಿದೆ, ಏನು ಮಾಡಿದೆ ಎಂದು ಪುಸ್ತಕದಲ್ಲಿ ಬರೆದಿಡು ಎಂದು ಹೇಳಿಟ್ಟರೆ ಅವನೇ ಸಂಭಾಳಿಸುತ್ತಾನೆ. ಮಿತಿಯನ್ನು ಅಂಕಿಯಲ್ಲಿ ಹೇಳಬೇಕು ಎಂಬುದು ಮುಖ್ಯ. 'ನೀನೇ ನೋಡಿಕೋ' ಎಂದಷ್ಟೇ ಹೇಳಿ ಹೋದರೆ ಅಧಿಕಾರ ಕೊಟ್ಟಂತಾಗದು, ಕೈಬಿಟ್ಟಂತಾಗುತ್ತದೆ.

ಈಗ ಬೆಂಗಳೂರಿನಲ್ಲಿದ್ದುಕೊಂಡು ತೋಟ, ಹೋಂಸ್ಟೇ ನಡೆಸುವವರು ಹೆಚ್ಚಾಗಿದ್ದಾರೆ. ಮೊಬೈಲಿನಲ್ಲಿ ಸಿಸಿಟಿವಿ, ವಾಟ್ಸ್‌ಆಪ್‌ನಲ್ಲಿ ಆದೇಶ. ತಡವಾಗಿ ಬಂದದ್ದು ಯಾರು ಎಂದು ಕ್ಯಾಮೆರಾ ಹೇಳುತ್ತದೆ, ಏಕೆ ತಡವಾಯಿತು ಎಂದು ಹೇಳುವುದಿಲ್ಲ. ದೂರದಿಂದ ನಡೆಸುವವರಿಗೆ ಸ್ಥಳದಲ್ಲಿ ತೀರ್ಮಾನ ಮಾಡುವ ಒಬ್ಬರು ಇರಲೇಬೇಕು. ಆ ಒಬ್ಬರನ್ನು ಬೆಳೆಸದೆ ಕ್ಯಾಮೆರಾ ಹೆಚ್ಚಿಸಿದರೆ ಇರುವವರೂ ಕೈಕಟ್ಟಿ ಕೂರುತ್ತಾರೆ.

ಭಾಷೆಯದ್ದೂ ಒಂದು ಮಾತು. ಮಾಲೀಕರದ್ದು ಕೊಡವ ತಕ್ಕ್ ಅಥವಾ ಅರೆಭಾಷೆ, ರೈಟರ್ ಮಲಯಾಳಂ, ಕೆಲಸದವರಲ್ಲಿ ಒಬ್ಬರು ಅಸ್ಸಾಮಿ, ಇನ್ನೊಬ್ಬರು ಬಂಗಾಳಿ. ಎಲ್ಲರ ನಡುವೆ ಮಾತು ಸಾಗಿಸುವುದು ಮೇಸ್ತ್ರಿ. ಹಾಗಾಗಿ ಮೇಸ್ತ್ರಿ ಹೇಳಿದ್ದೇ ಕೂಲಿ, ಮೇಸ್ತ್ರಿ ಹೇಳಿದ್ದೇ ದೂರು. ನಾಲ್ಕು ಮಾತು ಹಿಂದಿಯಾದರೂ ಕಲಿತು ನೇರವಾಗಿ ಕೇಳುವ ಮಾಲೀಕರಿಗೆ ತಮ್ಮ ತೋಟದಲ್ಲಿ ನಡೆಯುತ್ತಿರುವುದು ಗೊತ್ತಿರುತ್ತದೆ. ಗಿಡಗಳಿಗೆ ಔಷಧಿ ಹೊಡೆಯುವ ದಿನ ಎಚ್ಚರಿಕೆಯ ಮಾತು ಎಲ್ಲರಿಗೂ ಅರ್ಥವಾಗಬೇಕು, ಹಾಗಾಗಿ ಇದು ಆರೋಗ್ಯದ ಪ್ರಶ್ನೆಯೂ ಹೌದು.

ಅಂಗಡಿಯಲ್ಲಿ ಆಡುವ ಮಾತು

ಪ್ರವಾಸಿಗರು ಅಂಗಡಿಗೆ ಬಂದು ಕೇಳುವ ಮೊದಲ ಪ್ರಶ್ನೆ, 'ಇದು ಪ್ಯೂರ್ ತಾನೇ?' ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ಚಿಕೋರಿ ಹಾಕುವುದು ತಪ್ಪಲ್ಲ; ಗಟ್ಟಿ ಡಿಕಾಕ್ಷನ್ ಬೇಕೆನ್ನುವವರು ಕೇಳಿಯೇ ಕೊಳ್ಳುತ್ತಾರೆ. ಕೇಳಿದವರಿಗೆ 'ಇದರಲ್ಲಿ ಶೇ 30 ಚಿಕೋರಿ ಇದೆ, ಬೇಡವಾದರೆ ಅದು ತಗೊಳ್ಳಿ' ಎಂದು ಮಾಲೀಕರು ಹೇಳುವುದನ್ನು ಕೌಂಟರಿನಲ್ಲಿರುವ ಹುಡುಗಿ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಅವರು ಊಟಕ್ಕೆ ಹೋದಾಗ ಅವಳೂ ಅದನ್ನೇ ಹೇಳುತ್ತಾಳೆ. ಮಾಲೀಕರು ಗಿರಾಕಿಗೆ ಸುಳ್ಳು ಹೇಳಿ, ಅವಳು ತನಗೆ ಮಾತ್ರ ಸತ್ಯ ಹೇಳಬೇಕೆಂದು ಬಯಸಿದರೆ ಅದು ನಡೆಯುವುದಿಲ್ಲ. ಗಲ್ಲಾಪೆಟ್ಟಿಗೆಯ ಲೆಕ್ಕ ತಪ್ಪುವುದೂ ಇಲ್ಲಿಂದಲೇ ಶುರು.

ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕದ (ಉತ್ಪನ್ನ ಇಂಥ ಊರಿನದ್ದೇ ಎಂದು ಗುರುತಿಸುವ ಜಿಐ) ಮಾನ್ಯತೆ ಸಿಕ್ಕಿತು. ಕಿತ್ತಳೆಗೆ ಅದಕ್ಕಿಂತ ಮೊದಲೇ ಸಿಕ್ಕಿತ್ತು. ಊರಿನ ಹೆಸರಿಗೆ ಬಂದ ಈ ಬೆಲೆಯನ್ನು ಉಳಿಸುವುದೂ ಕಳೆಯುವುದೂ ರಸ್ತೆಬದಿಯ ಈ ಸಣ್ಣ ಅಂಗಡಿಗಳೇ.

ಬೆಲೆ ಏರಿದಾಗ, ಗುಡ್ಡ ಕುಸಿದಾಗ

ಕಷ್ಟಕಾಲದಲ್ಲಿ ಮಾಲೀಕರ ಗುಣ ತಿಳಿಯುತ್ತದೆ ಎನ್ನುತ್ತೇವೆ. ಒಳ್ಳೆಯ ಕಾಲದಲ್ಲೂ ತಿಳಿಯುತ್ತದೆ, ಬಹುಶಃ ಇನ್ನೂ ಚೆನ್ನಾಗಿ. ಹಿಂದೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. ಯಾವಾಗ ಮಾರುವುದು ಎಂಬ ಚಿಂತೆ ಅವರದಾಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಹಂತ ಹಂತವಾಗಿ ಸಡಿಲವಾಗಿ, 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಅದಕ್ಕೆ ಸ್ವಲ್ಪ ಮೊದಲು, 1994ರಲ್ಲಿ, ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತ್ತು. ಆ ದುಡ್ಡು ಸದಾ ಬರುತ್ತದೆಂದು ನಂಬಿ ಸಾಲ ಮಾಡಿದವರು 2001–02ರ ಹೊತ್ತಿಗೆ, ಜಾಗತಿಕ ಬೆಲೆ ದಶಕಗಳ ತಳಕ್ಕೆ ಕುಸಿದಾಗ, ತೋಟ ಮಾರುವ ಸ್ಥಿತಿಗೆ ಬಂದರು.

ಈಗ ಮತ್ತೆ ಅಂಥದೇ ಏರುಗಾಲ ಬಂದಿದೆ. ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟು, 2024ರ ಏಪ್ರಿಲ್‌ನಲ್ಲಿ ಇಲ್ಲಿ 50 ಕೆ.ಜಿ. ರೊಬಸ್ಟಾ ಚೆರಿ ಮೂಟೆಗೆ 10,000 ರೂಪಾಯಿ ದಾಟಿತು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ಮೀರಿತು. ಈ ದುಡ್ಡಿನಲ್ಲಿ ಮೊದಲು ಏನಾಯಿತು ಎಂದು ಕೆಲಸದವರು ನೋಡುತ್ತಿರುತ್ತಾರೆ. ಹೊಸ ಕಾರು ಬಂತು, ಲೈನ್ ಮನೆಯ ಸೋರುವ ಹೆಂಚು ಹಾಗೇ ಇದೆ ಎಂದರೆ ಅವರಿಗೆ ಅರ್ಥವಾಗುವುದು ಅರ್ಥವಾಗುತ್ತದೆ. ಕಾರು ಕೊಳ್ಳಬಾರದೆಂದಲ್ಲ. ಶೌಚಾಲಯ, ಸೂರು, ಕುಡಿಯುವ ನೀರು ಮೊದಲಾಗಲಿ. ಒಂದು ವರ್ಷದ ತೋಟದ ಖರ್ಚನ್ನು ಬ್ಯಾಂಕಿನಲ್ಲಿ ಬೇರೆ ಇಡಲಿ. ಸಾಲ ಮಾಡಿ ತೋಟ ವಿಸ್ತರಿಸುವ ಯೋಚನೆಯಿದ್ದರೆ ಇವತ್ತಿನ ಬೆಲೆಯಲ್ಲಿ ಲೆಕ್ಕ ಹಾಕದೆ ಅದರ ಅರ್ಧದಲ್ಲಿ ಹಾಕಿ ನೋಡಲಿ.

ಕೆಟ್ಟ ಕಾಲವನ್ನಂತೂ ಕೊಡಗು ಒಂದರ ಮೇಲೊಂದು ಕಂಡಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡಗಳು ಕುಸಿದವು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದಲ್ಲಿ ಕುಸಿತವಾಯಿತು. ಅದೇ ವರ್ಷ ಕೋವಿಡ್. ತೋಟಕ್ಕೆ ಏನೂ ಆಗದವರಿಗೂ ಪ್ರವಾಸಿಗರು ಬರದೆ ತಿಂಗಳುಗಟ್ಟಲೆ ಆದಾಯ ನಿಂತಿತು. ಆ ದಿನಗಳಲ್ಲಿ ನಾನು ಕಂಡ ಒಂದು ಸಂಗತಿ ಹೇಳಬೇಕು. 'ಎಲ್ಲ ಸರಿಹೋಗುತ್ತದೆ' ಎಂದು ಧೈರ್ಯ ಹೇಳುತ್ತಾ ಬಂದು, ಒಂದು ದಿನ ಇದ್ದಕ್ಕಿದ್ದಂತೆ ನಾಳೆಯಿಂದ ಬರಬೇಡಿ ಎಂದವರಿಗೆ ಮಳೆ ನಿಂತ ಮೇಲೂ ಜನ ಸಿಗಲಿಲ್ಲ. ಕೈಯಲ್ಲಿರುವುದು ಇಷ್ಟು, ಇದರಲ್ಲಿ ಎರಡು ತಿಂಗಳು ಎಲ್ಲರಿಗೂ ಅರ್ಧ ಸಂಬಳ ಕೊಡಬಹುದು, ಆಮೇಲಿನದ್ದು ನನಗೂ ಗೊತ್ತಿಲ್ಲ ಎಂದು ಮೊದಲ ವಾರವೇ ಕೂರಿಸಿ ಹೇಳಿದವರ ಅಡುಗೆಯವರು, ಡ್ರೈವರುಗಳು ಕರೆದ ತಕ್ಷಣ ವಾಪಸ್ ಬಂದರು. ಲೆಕ್ಕ ಬಿಚ್ಚಿಟ್ಟರೆ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿದೆ. ಹಾಗೇನೂ ಆಗಲಿಲ್ಲ.

ಕಾನೂನಿನ ಕಡೆ ಗಮನಿಸಬೇಕಾದ ಕೆಲವು ಸಂಗತಿಗಳಿವೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಮಹಿಳೆಯರನ್ನೇ ನಂಬಿರುವ ಸಣ್ಣ ಅಂಗಡಿಗಳಲ್ಲಿ, ಅಡುಗೆಮನೆಗಳಲ್ಲಿ ಎಷ್ಟು ಜನರಿಗೆ ಇದು ತಿಳಿದಿದೆ? ಗೋಡೆಯ ಮೇಲೆ ಕನ್ನಡ, ಹಿಂದಿಯಲ್ಲಿ ಒಂದು ಹಾಳೆ ಅಂಟಿಸುವುದು ಮಾಲೀಕರ ಕೆಲಸ.

ಮುಂದಿನವರು ಯಾರು

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ಆಡಿದ್ದು 60 ಕುಟುಂಬಗಳು. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ನಡೆಸಿದಾಗ ತಂಡಗಳ ಸಂಖ್ಯೆ 360. ಪ್ರತಿ ಸಲ ಬೇರೆ ಕುಟುಂಬ ಹೊಣೆ ಹೊರುತ್ತದೆ. ಶುರುಮಾಡಿದವರೇ ಕೊನೆಯವರೆಗೂ ಹಿಡಿದುಕೊಂಡಿದ್ದರೆ ಅದು ಇಷ್ಟು ಬೆಳೆಯುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಹೊಣೆಯನ್ನು ಕೈಯಿಂದ ಕೈಗೆ ದಾಟಿಸುವುದು ಈ ನೆಲದವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ತೋಟ, ಅಂಗಡಿಯ ವಿಷಯ ಬಂದಾಗ ಮಾತ್ರ ಎಪ್ಪತ್ತು ದಾಟಿದ ಹಿರಿಯರು ಚೆಕ್‌ಬುಕ್ಕನ್ನು ಯಾರ ಕೈಗೂ ಕೊಡುವುದಿಲ್ಲ. ಬೆಂಗಳೂರಿನಿಂದ ಮರಳಿ ಬಂದ ಮಗ, ಮಗಳು ಮೂರು ವರ್ಷ 'ಅಪ್ಪನನ್ನು ಕೇಳಿ ಹೇಳುತ್ತೇನೆ' ಎಂದು ಹೇಳಿಯೇ ಬೇಸತ್ತು ಮತ್ತೆ ಬಸ್ಸು ಹತ್ತುತ್ತಾರೆ.

ಇನ್ನೂ ಕಣ್ಣೆದುರೇ ಇದ್ದು ಕಾಣದವರಿದ್ದಾರೆ. ಎಷ್ಟೋ ಹೋಂಸ್ಟೇಗಳಲ್ಲಿ ಅತಿಥಿಗಳನ್ನು ಮತ್ತೆ ಮತ್ತೆ ಕರೆತರುವುದು ಮನೆಯಾಕೆಯ ಪಂದಿಕರಿ, ಕಡಂಬಿಟ್ಟು ಮತ್ತು ಆಕೆಯ ಮಾತು. ಸಾಮಾನು ತರಿಸುವುದು, ಕೆಲಸದವರ ರಜೆ ಹೊಂದಿಸುವುದು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂದು ನೆನಪಿಡುವುದು ಎಲ್ಲ ಅವರೇ. ಪರವಾನಗಿ, ಬ್ಯಾಂಕ್ ಖಾತೆ, ಸಾಲದ ಕಾಗದ ಗಂಡನ ಹೆಸರಿನಲ್ಲಿ. ಗಂಡ ಆಸ್ಪತ್ರೆ ಸೇರಿದ ದಿನ ಬಟವಾಡೆಗೆ ಹಣ ತೆಗೆಯಲು ಅವರಿಗೆ ಸಹಿಯಿಲ್ಲ.

ಇದನ್ನು ಸರಿಪಡಿಸಲು ದೊಡ್ಡ ಯೋಜನೆ ಬೇಕಿಲ್ಲ. ಖಾತೆಯನ್ನು ಇಬ್ಬರಲ್ಲಿ ಯಾರಾದರೂ ಸಹಿ ಮಾಡಬಹುದಾದಂತೆ ಬದಲಿಸಲು ಬ್ಯಾಂಕಿಗೆ ಒಮ್ಮೆ ಹೋಗಿಬಂದು ಕೇಳಬೇಕು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಹೊಸದಾಗಿ ಮಾಡಿಸುವವರು ಉದ್ಯಮವನ್ನು ನಿಜವಾಗಿ ನಡೆಸುತ್ತಿರುವವರ ಹೆಸರಿನಲ್ಲೇ ಮಾಡಿಸಬಹುದು. ಬರಬೇಕಾದ ಬಾಕಿ, ಕೊಟ್ಟ ಮುಂಗಡ, ಗ್ಯಾಸ್‌ನವರ, ಜನರೇಟರ್ ರಿಪೇರಿಯವರ ನಂಬರು, ಯಾರು ಎಷ್ಟರವರೆಗೆ ನಿರ್ಧರಿಸಬಹುದು ಎಂಬ ಮೊತ್ತ, ಇಷ್ಟನ್ನು ಒಂದೇ ಪುಸ್ತಕದಲ್ಲಿ ಬರೆದು ಮನೆಯಲ್ಲಿ ಇಬ್ಬರಿಗೆ, ಕೆಲಸದವರಲ್ಲಿ ಒಬ್ಬರಿಗೆ ತೋರಿಸಿಡಬೇಕು. ಪ್ರವಾಸಿಗರು ಕಡಿಮೆಯಿರುವ, ಕುಯ್ಲು ಇಲ್ಲದ ಮಳೆಗಾಲದ ತಿಂಗಳುಗಳು ಈ ಕೆಲಸಕ್ಕೆ ಸರಿಯಾದ ಹೊತ್ತು. ನವೆಂಬರ್ ಬಂದು ಅರೇಬಿಕಾ ಹಣ್ಣಾಗತೊಡಗಿದರೆ ಯಾರಿಗೂ ಪುಸ್ತಕ ತೆರೆಯಲು ಪುರುಸೊತ್ತಿರುವುದಿಲ್ಲ.